ಸೆಲ್ಫ್ ಹೊಡೆದರೂ ಏಳದ ಕಾರು

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಅಟ್ಟದ ಮೇಲಿನ ಕಂಬಳಿಯ ಜೊತೆಗೆ ಮನೆಯ ಹಳೆಯ ಕಾರಿನ ಚಿಂತೆಯೂ ಕೆಳಗಿಳಿದು ಬರುತ್ತದೆ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಸುತ್ತಿನ ತೋಟದ ಮನೆಗಳಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಕಂಪನಿ ಕೈಬಿಟ್ಟರೂ ಮನೆಯವರು ಬಿಟ್ಟಿಲ್ಲ.

ಬಿಡದಿರುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ. ರಾತ್ರಿ ಹೊತ್ತು ಮಗುವಿಗೆ ಜ್ವರ ಏರಿದರೆ ಕಳಸದ ಕಡೆಯವರು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚಾರ್ಮಾಡಿ ಘಾಟಿಯನ್ನೋ ಕುದುರೆಮುಖದ ದಾರಿಯನ್ನೋ ಇಳಿಯಬೇಕು. ಕಾಲೇಜು ಸೇರಲು ಕೊನೆಯ ದಿನವೆಂದರೆ ಬೆಳಿಗ್ಗೆ ಚಿಕ್ಕಮಗಳೂರು ಮುಟ್ಟಲೇಬೇಕು. ಮೆಕ್ಯಾನಿಕ್ ಇರುವುದು ದೂರದ ಪೇಟೆಯಲ್ಲಿ. ಅಂಥ ಹೊತ್ತಿನಲ್ಲಿ ಕೀಲಿ ತಿರುಗಿಸಿದರೆ ‘ಟಕ್’ ಎಂದಷ್ಟೇ ಸದ್ದು! ನೆರೆದವರೆಲ್ಲ ಒಂದೇ ತೀರ್ಪು ಕೊಡುತ್ತಾರೆ: ‘ಬ್ಯಾಟರಿ ಡೌನ್’. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದ ಮೇಲೂ ಅದೇ ‘ಟಕ್’ ಕೇಳಿದರೆ ಮನೆಯ ಯಜಮಾನರ ಮುಖ ನೋಡುವಂತಿರುವುದಿಲ್ಲ.

ಹೈಸ್ಕೂಲಿನಲ್ಲಿ ಓದುವ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಕಾರಿನ ಸದ್ದಿಗೆ ಕಿವಿ ಕೊಡಬೇಕು. ಎಂಜಿನ್ ಗಿರಗಿರನೆ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವೆ? ಹಾಗಾದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರುಗಳ ತಂಟೆಗೆ ಹೋಗುವುದು ಬೇಡ. ದೋಷವಿರುವುದು ಕಿಡಿಯಲ್ಲಿ ಅಥವಾ ಪೆಟ್ರೋಲಿನಲ್ಲಿ. ಎಂಜಿನ್ ತಿರುಗುತ್ತಲೇ ಇಲ್ಲ, ಅಥವಾ ಏದುಸಿರು ಬಿಡುತ್ತಾ ತಿರುಗುತ್ತದೆ ಎಂದಾದರೆ ಹುಡುಕಬೇಕಾದದ್ದು ಬ್ಯಾಟರಿಯಿಂದ ಸ್ಟಾರ್ಟರ್‌ವರೆಗಿನ ದಪ್ಪ ತಂತಿಯ ದಾರಿಯಲ್ಲಿ. ಇಷ್ಟು ವಿಂಗಡಿಸಿಕೊಂಡರೇ ಅರ್ಧ ಕೆಲಸ ಮುಗಿದಂತೆ.

ಕಾರಿನಲ್ಲಿ ಅತಿ ಹೆಚ್ಚು ವಿದ್ಯುತ್ತನ್ನು ಒಮ್ಮೆಗೇ ಬೇಡುವುದು ಸ್ಟಾರ್ಟರ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಸಾಧನ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೆ ಮೊದಲು ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರು ಅನೇಕರು. ತೋಳು ಮಾಡುತ್ತಿದ್ದ ಆ ಕೆಲಸವನ್ನು ಮೋಟಾರು ಮಾಡಬೇಕಾದರೆ ನೂರರಿಂದ ಇನ್ನೂರು ಆಂಪಿಯರ್ ಪ್ರವಾಹ ಬೇಕು. ಎರಡು ಹೆಡ್‌ಲೈಟುಗಳಿಗೆ ಸಾಕಾಗುವುದು ಸುಮಾರು 10 ಆಂಪಿಯರ್.

ಈಗ ಬ್ಯಾಟರಿಯ ಟರ್ಮಿನಲ್ ನೋಡಿ. ಮಳೆಗಾಲದ ತೇವ, ಬ್ಯಾಟರಿಯಿಂದ ಹೊರಬೀಳುವ ಆಮ್ಲದ ಹನಿ ಎರಡೂ ಸೇರಿ ಅಲ್ಲಿ ಬಿಳಿ, ಹಸಿರು ಬಣ್ಣದ ಪುಡಿ ಬೆಳೆಯುತ್ತದೆ. ಸೀಸ ಮತ್ತು ತಾಮ್ರದ ಸಲ್ಫೇಟುಗಳವು. ಈ ಪದರದ ರೋಧ ಕೇವಲ 0.02 ಓಮ್ ಎಂದಿಟ್ಟುಕೊಳ್ಳೋಣ. ಹತ್ತು ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು 0.2 ವೋಲ್ಟ್ ಮಾತ್ರ, ಲೈಟು ಝಗಮಗಿಸುತ್ತದೆ. ಸೆಲ್ಫ್ ಹೊಡೆದು 150 ಆಂಪಿಯರ್ ಹರಿಯಬೇಕೆಂದಾಗ ಅದೇ ಪದರ 3 ವೋಲ್ಟ್ ನುಂಗುತ್ತದೆ. ಹನ್ನೆರಡರಲ್ಲಿ ಮೂರು ಅಲ್ಲೇ ಹೋದರೆ ಮೋಟಾರಿಗೆ ಉಳಿದದ್ದೇನು? ‘ಲೈಟು ಚೆನ್ನಾಗಿದೆ, ಆದ್ದರಿಂದ ದಾರಿ ಸರಿಯಾಗಿದೆ’ ಎಂಬ ವಾದ ಇಲ್ಲಿಯೇ ಬೀಳುವುದು. ಮೂರು ವೋಲ್ಟನ್ನು 150ರಿಂದ ಗುಣಿಸಿದರೆ 450 ವಾಟ್. ಅಷ್ಟೂ ಶಾಖವಾಗುವುದರಿಂದ ಕೆಟ್ಟ ಜೋಡಣೆ ಸೆಲ್ಫ್ ಹೊಡೆದ ಮೇಲೆ ಮುಟ್ಟಿದರೆ ಬಿಸಿಯಾಗಿರುತ್ತದೆ. ಮೀಟರೇ ಇಲ್ಲದವರಿಗೆ ಬೆರಳೇ ಮೀಟರು!

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಕಾರು ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ ಖಾಲಿ. ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಅಳೆಯಬೇಕು. ಬ್ಯಾಟರಿಯ ಸೀಸದ ಕಂಬಗಳಲ್ಲೇ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬಹುದು. ಹಾಗಲ್ಲದೆ ಕಂಬದ ಮೇಲೊಂದು ಕಡ್ಡಿ, ಅದನ್ನು ಹಿಡಿದ ಕ್ಲಾಂಪಿನ ಮೇಲೊಂದು ಕಡ್ಡಿ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಅಲ್ಲಿಯೇ ಇದ್ದಾನೆ. ಎಂಜಿನ್ನನ್ನು ಬಾಡಿಗೆ ಸೇರಿಸುವ ಅರ್ತ್ ಪಟ್ಟಿಯನ್ನೂ ಹೀಗೆಯೇ ಪರೀಕ್ಷಿಸಬಹುದು. ಕೆಸರು, ತುಕ್ಕು ಹಿಡಿದ ಈ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಲ್ಫ್ ಹೊಡೆದಾಗ ಲೈಟು ಸ್ವಲ್ಪವೂ ಮಂಕಾಗದೆ, ಎಂಜಿನ್ನೂ ತಿರುಗದೆ ಇದ್ದರೆ ಈ ಪಟ್ಟಿ, ಸೊಲೆನಾಯ್ಡ್ ಅಥವಾ ಮೋಟಾರಿನ ಬ್ರಷ್‌ಗಳ ಮೇಲೆ ಕಣ್ಣಿಡಬೇಕು: ಪ್ರವಾಹ ಹೊರಟೇ ಇಲ್ಲವೆಂದು ಅದರ ಅರ್ಥ.

ಟರ್ಮಿನಲ್ ಶುಚಿಗೊಳಿಸುವುದು ಸುಲಭ. ಮೊದಲು ಋಣ ತುದಿಯ ತಂತಿ ಬಿಚ್ಚಬೇಕು, ಕೂಡಿಸುವಾಗ ಅದನ್ನೇ ಕೊನೆಗೆ. ಅಡುಗೆ ಸೋಡಾ ಬೆರೆಸಿದ ನೀರು ಹಾಕಿದರೆ ಆಮ್ಲ ಬುರುಗೆದ್ದು ಶಮನವಾಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಹೋಗಕೂಡದು. ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಒಂದು ಮಳೆಗಾಲಕ್ಕೆ ಯೋಚನೆಯಿಲ್ಲ. ಬ್ಯಾಟರಿಯ ಬಳಿ ಬೆಂಕಿಕಡ್ಡಿ ಗೀರುವುದು ಮಾತ್ರ ಬೇಡವೇ ಬೇಡ. ಚಾರ್ಜ್ ಆಗುವಾಗ ಅದರಿಂದ ಹೊರಡುವುದು ಜಲಜನಕ. ಮಕ್ಕಳು ಈ ಕೆಲಸಕ್ಕೆ ಕೈಹಾಕುವುದಾದರೆ ದೊಡ್ಡವರು ಪಕ್ಕದಲ್ಲಿರಬೇಕು, ಕಣ್ಣಿಗೆ ಕನ್ನಡಕವಿರಬೇಕು.

ಬ್ಯಾಟರಿಯೇ ಸೋತಿದೆ ಎನ್ನೋಣ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ-ಆಮ್ಲ ಕೋಶವೇ ಇಂದಿಗೂ ಇದರೊಳಗಿದೆ, ಆರು ಮನೆಗಳಲ್ಲಿ. ಖಾಲಿಯಾಗುತ್ತಾ ಹೋದಂತೆ ಗಂಧಕಾಮ್ಲ ಫಲಕಗಳನ್ನು ಸೇರಿ ಉಳಿದ ದ್ರಾವಣ ತೆಳುವಾಗುತ್ತದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಇದನ್ನು ಹೇಳುತ್ತದೆ: ತುಂಬಿದಾಗ 1.26ರಿಂದ 1.28, ಖಾಲಿಯಾದಾಗ 1.15ಕ್ಕೂ ಕಡಿಮೆ. ಆರೂ ಮನೆಗಳು ಒಂದೇ ಸಮ ಇಳಿದಿದ್ದರೆ ಚಾರ್ಜ್ ಮಾಡಿದರೆ ಸಾಕು. ಐದು ಸರಿಯಾಗಿದ್ದು ಒಂದು ಮಾತ್ರ ಇಳಿದಿದ್ದರೆ ಹೊಸದು ಕೊಳ್ಳುವುದೇ ಲೇಸು.

ಚಾರ್ಜ್ ಮಾಡಿದ್ದು ಮತ್ತೆ ಮತ್ತೆ ಇಳಿಯುತ್ತಿದ್ದರೆ? ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14 ವೋಲ್ಟಿನ ಆಸುಪಾಸು ಇರಬೇಕು. ಇಲ್ಲದಿದ್ದರೆ ಬೆಲ್ಟು ಸಡಿಲ, ಅಥವಾ ಡೈನಮೊ, ಆಲ್ಟರ್ನೇಟರ್ ಕೆಟ್ಟಿದೆ. ಅದೂ ಸರಿಯಿದ್ದರೆ ನಿಂತ ಕಾರಿನಲ್ಲಿ ಏನೋ ಉರಿಯುತ್ತಿದೆ. ಡಿಕ್ಕಿಯೊಳಗಿನ ಐದು ವಾಟಿನ ಪುಟ್ಟ ಬಲ್ಬು ಎಳೆಯುವುದು 0.4 ಆಂಪಿಯರ್, 35 ಆಂಪಿಯರ್-ಅವರ್ ಬ್ಯಾಟರಿಯನ್ನು ಎರಡೇ ದಿನದಲ್ಲಿ ಅರ್ಧಕ್ಕೆ ತರುತ್ತದೆ. ತೋಟದ ಶೆಡ್ಡುಗಳಲ್ಲಿ ಇಲಿಗಳೂ ಪಾಲುದಾರರು. ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಿ ತಂತಿಯ ಹೊದಿಕೆ ಕಡಿಯುವುದು ಅವಕ್ಕೆ ಮಳೆಗಾಲದ ಉದ್ಯೋಗ.

ಇನ್ನು ಗಿರಗಿರನೆ ತಿರುಗಿಯೂ ಹೊತ್ತಿಕೊಳ್ಳದ ಕಾರು. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಇದು ಬಹುಪಾಲು ಮಂಜಿನ ಕಿತಾಪತಿ. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು, ಫ್ಯಾರಡೆ 1831ರಲ್ಲಿ ಕಂಡ ಪ್ರೇರಣೆಯ ನಿಯಮದಂತೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅಷ್ಟು ಒತ್ತಡದ ವಿದ್ಯುತ್ತಿಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲಿನ ತೇವದ ಪೊರೆಯೇ ರಾಜಮಾರ್ಗ. ಪ್ಲಗ್ಗಿಗೆ ಹೋಗುವ ಬದಲು ಅತ್ತ ಜಾರುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದು, ದೂರ ನಿಂತು, ಬೇರೊಬ್ಬರಿಂದ ಸೆಲ್ಫ್ ಹೊಡೆಸಿದರೆ ನೀಲಿ ಕಿಡಿಗಳು ಹರಿದಾಡುವುದು ಕಾಣುತ್ತದೆ. ಆಗ ಕೈ ಹಾಕಬಾರದು. ಕೀಲಿ ತೆಗೆದ ಮೇಲೆ ಮುಚ್ಚಳ ಬಿಚ್ಚಿ, ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಬೇಕು. ಬಚ್ಚಲೊಲೆಯ ಬಿಸಿಗೆ ದೂರದಿಂದ ಹಿಡಿದು ಒಣಗಿಸಿ ತರುವುದೂ ಆದೀತು. ಪ್ಲಗ್ ತಂತಿಗಳನ್ನು ಕೀಳುವ ಮುನ್ನ ಗುರುತು ಮಾಡಿಕೊಳ್ಳಿ. ಅಂಬಾಸಿಡರ್‌ನ ಹಳೆಯ ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳುವುದು 1-3-4-2ರ ಸರದಿಯಲ್ಲಿ. ಅದಲುಬದಲಾದರೆ ಒಣಗಿಸಿದ್ದೂ ವ್ಯರ್ಥ. ಪಾಯಿಂಟುಗಳ ನಡುವಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆದರೆ ಚೋಕ್ ಅತಿಯಾಗಿದೆ. ಸ್ವಲ್ಪ ಹೊತ್ತು ಬಿಡಬೇಕು.

ಕಾರನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು ಘಟ್ಟದವರ ಹಳೆಯ ಉಪಾಯ. ಕೀಲಿ ತಿರುಗಿಸಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ಉರುಳಲು ಬಿಟ್ಟು, ವೇಗ ಬಂದಾಗ ಕ್ಲಚ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ ಏಳದಿದ್ದರೆ ಸರ್ವೊ ಇರುವ ಬ್ರೇಕುಗಳು ಗಡುಸಾಗುತ್ತವೆಂಬುದು ನೆನಪಿರಲಿ. ಕೆಳಗೆ ತಿರುವಿರುವ ರಸ್ತೆಯಲ್ಲಿ ಈ ಸಾಹಸ ಸಲ್ಲದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ನೂಕಿದರೂ ಪ್ರಯೋಜನವಿಲ್ಲ: ಕಾಯಿಲ್‌ಗೂ ಆಲ್ಟರ್ನೇಟರ್‌ನ ಕಾಂತಕ್ಕೂ ಮೊದಲ ತುತ್ತು ಬ್ಯಾಟರಿಯಿಂದಲೇ ಬರಬೇಕು. ಆಗ ಪಕ್ಕದ ಮನೆಯ ಜೀಪಿನಿಂದ ಜಂಪರ್ ತಂತಿ ಎಳೆಯಬೇಕಾಗುತ್ತದೆ. ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕಚ್ಚಿಸದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಸಿಡಿಯುವ ಕಿಡಿ ಜಲಜನಕದ ಹತ್ತಿರ ಸುಳಿಯುವುದಿಲ್ಲ.