ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು?

ನಮ್ಮ ಅಬ್ಬಾ ಡೀಸೆಲ್ ಪಿಕಪ್ ಓಡಿಸುತ್ತಾರೆ. ಹಳ್ಳಿಗಳಿಂದ ಟೊಮೆಟೊ ತುಂಬಿಕೊಂಡು ಹರಾಜಿನ ಹೊತ್ತಿಗೆ ಎಪಿಎಂಸಿಗೆ ತಲುಪಿಸುವುದು ಅವರ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ದಿನ ಫಜ್ರ್‌ಗೂ ಮುಂಚೆ, ಲೋಡ್ ಆದ ಗಾಡಿ ಸ್ಟಾರ್ಟ್ ಆಗಲೇ ಇಲ್ಲ. ಕೀ ತಿರುಗಿಸಿದರೆ ‘ಟಕ್ ಟಕ್’ ಸದ್ದು ಮಾತ್ರ. ಮೆಕ್ಯಾನಿಕ್ ಬಂದು ಸ್ಟಾರ್ಟರ್ ಮೋಟಾರ್ ಬದಲಾಯಿಸಬೇಕು ಎಂದರು. ಆಮೇಲೆ ಚಾಚಾ ಬಂದು ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅದನ್ನು ತೊಳೆದು ಬಿಗಿ ಮಾಡಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ಹರಾಜು ಮುಗಿದಿತ್ತು. ಅಬ್ಬಾ ಅಂದಿನ ಬಾಡಿಗೆಯನ್ನು ರೈತರಿಂದ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಚಾಚಾ ಹತ್ತಿರ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ತುಂಬಾ ಬಿಸಿಯಾಗುತ್ತದೆ. ಆ ಬಿಸಿಗೆ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ವೇಗವಾಗಿ ತಿರುಗಬೇಕು, ಗಾಳಿ ಮತ್ತು ಶುದ್ಧ ಡೀಸೆಲ್ ಸರಿಯಾಗಿ ಸಿಗಬೇಕು.

ಎಂಜಿನ್ ತಿರುಗದಿದ್ದರೆ: ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಟರ್ಮಿನಲ್ ಸ್ವಚ್ಛ ಮಾಡುವಾಗ ಮೈನಸ್ ವಯರ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಅಡುಗೆ ಸೋಡಾ ಬೆರೆಸಿದ ನೀರು ಸಾಕು.

ತಿರುಗಿದರೂ ಸ್ಟಾರ್ಟ್ ಆಗದಿದ್ದರೆ: ಟ್ಯಾಂಕ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸೇರಿರಬಹುದು. ಡೀಸೆಲ್ ಹಾಕಿ, ಕೈ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಬೇಕು. ಡೀಸೆಲ್ ಫಿಲ್ಟರ್ ಕಟ್ಟಿರಬಹುದು ಅಥವಾ ಅದರ ತಳದಲ್ಲಿ ನೀರು ನಿಂತಿರಬಹುದು. ಹಲವು ಗಾಡಿಗಳಲ್ಲಿ ಆ ನೀರನ್ನು ಬಿಡಲು ಕೆಳಗೆ ಸ್ಕ್ರೂ ಇರುತ್ತದೆ. ಚಳಿಯಲ್ಲಿ ಮಾತ್ರ ತೊಂದರೆಯಾದರೆ ಹೀಟರ್ ಪ್ಲಗ್ ಪರೀಕ್ಷಿಸಿ.

ಹೊಗೆ ಬಂದರೆ: ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ನೀಲಿ ಅಥವಾ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್ ಬೇಕೇ ಬೇಕು.

ಎರಡು ಎಚ್ಚರಿಕೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಮಾಮೂಲಿ ರಿಪೇರಿಯನ್ನು ನಾವು ಅಕೌಂಟೆನ್ಸಿಯಲ್ಲಿ ಕಂದಾಯ ವೆಚ್ಚ ಎಂದು ಬರೆಯುತ್ತೇವೆ. ಆದರೆ ತಪ್ಪಿದ ಹರಾಜನ್ನು ಯಾವ ಖಾತೆಯಲ್ಲೂ ಬರೆಯುವುದಿಲ್ಲ. ಚಾಚಾ ಹೇಳುವುದು ಇಷ್ಟೇ: ದುಡ್ಡು ಖರ್ಚಾಗದ್ದನ್ನು ಮೊದಲು ನೋಡು, ದೊಡ್ಡ ಖರ್ಚಿನದ್ದನ್ನು ಕೊನೆಗೆ ನೋಡು.

ನಮ್ಮ ಕಾಲೇಜಿನಲ್ಲಿ ಗಾಡಿಯಿಂದಲೇ ಮನೆ ನಡೆಯುವವರು ಇನ್ನೂ ಇರಬಹುದು. ಈ ಭಾನುವಾರ ಒಮ್ಮೆ ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ನೋಡಿ. ನಾನು ಈಗ ಪ್ರತಿ ಭಾನುವಾರ ನೋಡುತ್ತೇನೆ.