ಅಲ್ಪಶಕ್ತಿಯ ಬಾನುಲಿ

ಹವ್ಯಾಸಗಳಲ್ಲಿ ಹಲವು ಬಗೆಗಳುಂಟು. ಅಂಚೆಚೀಟಿಗಳನ್ನು ಕೂಡಿಡುವುದು, ಹಕ್ಕಿಗಳನ್ನು ವೀಕ್ಷಿಸುವುದು, ಛಾಯಾಚಿತ್ರಗಳನ್ನು ತೆಗೆಯುವುದು ಮೊದಲಾದವು ನಮಗೆಲ್ಲ ಪರಿಚಿತವಾದವು. ಅಷ್ಟು ಪರಿಚಿತವಲ್ಲದ, ಆದರೆ ಕೈಗೂ ಬುದ್ಧಿಗೂ ಸಮಾನವಾಗಿ ಕೆಲಸ ಕೊಡುವ ಹವ್ಯಾಸ ಇನ್ನೊಂದಿದೆ. ಅದೇ ಹವ್ಯಾಸಿ ಬಾನುಲಿ. ಇದರಲ್ಲಿ ತೊಡಗಿದವರನ್ನು ಲೋಕದಾದ್ಯಂತ ‘ಹ್ಯಾಮ್’ ಎಂದು ಕರೆಯುತ್ತಾರೆ. ಆಕಾಶವಾಣಿಯ ನಿಲಯವು ನುಡಿಯುತ್ತದೆ, ನಾವು ಕೇಳುತ್ತೇವೆ. ಮರುನುಡಿಯಲು ನಮಗೆ ಅವಕಾಶವಿಲ್ಲ. ಹ್ಯಾಮ್‌ಗಳ ರೀತಿ ಬೇರೆ. ಅವರು ತಮ್ಮ ಮನೆಯಲ್ಲಿಯೇ ಪ್ರೇಷಕವನ್ನೂ ಗ್ರಾಹಕವನ್ನೂ ಇರಿಸಿಕೊಂಡು ತಮ್ಮಂತಹ ಇತರ ಹವ್ಯಾಸಿಗಳೊಡನೆ ನೇರವಾಗಿ ಸಂಭಾಷಿಸುತ್ತಾರೆ. ಪ್ರೇಷಕವೆಂದರೆ ಸಂಜ್ಞೆಯನ್ನು ವಿದ್ಯುತ್ಕಾಂತ ಅಲೆಗಳ ರೂಪದಲ್ಲಿ ಹೊರಕ್ಕೆ ಕಳುಹಿಸುವ ಯಂತ್ರ. ಗ್ರಾಹಕವೆಂದರೆ ಅಂತಹ ಅಲೆಗಳನ್ನು ಹಿಡಿದು ಕೇಳಿಸುವ ಯಂತ್ರ.

ಪ್ರೇಷಕವನ್ನು ಬಳಸಲು ಸರಕಾರದ ಪರವಾನಗಿ ಅವಶ್ಯಕ. ವಿದ್ಯುತ್ತಿನ ಮೂಲತತ್ತ್ವಗಳನ್ನೂ ಬಾನುಲಿ ಸಂಪರ್ಕದ ನಿಯಮಗಳನ್ನೂ ಅರಿತು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅದು ದೊರೆಯುತ್ತದೆ. ಪರವಾನಗಿ ಪಡೆದ ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವನ್ನು ಕೊಡಲಾಗುತ್ತದೆ. ಭಾರತದ ಹವ್ಯಾಸಿಗಳ ಕರೆಸಂಕೇತಗಳು ಸಾಮಾನ್ಯವಾಗಿ ‘ವಿ.ಯು.’ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ಈ ಸಂಪರ್ಕವನ್ನು ವ್ಯಾಪಾರಕ್ಕಾಗಿ ಬಳಸುವಂತಿಲ್ಲ. ಕಲಿಕೆ, ಪ್ರಯೋಗ, ಸ್ನೇಹ ಇವೇ ಇದರ ಉದ್ದೇಶಗಳು.

ಹವ್ಯಾಸಿಗಳಲ್ಲಿ ಅನೇಕರು ನೂರು ವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯ ಪ್ರೇಷಕಗಳನ್ನು ಬಳಸುತ್ತಾರೆ. ಆದರೆ ಬೇಕೆಂದೇ ಐದು ವ್ಯಾಟ್‌ಗಿಂತ ಹೆಚ್ಚು ಶಕ್ತಿಯನ್ನು ಬಳಸೆವೆಂದು ಪಣತೊಟ್ಟವರ ಗುಂಪೊಂದಿದೆ. ತಂತಿ ಸಂದೇಶದ ಸಂಕ್ಷಿಪ್ತ ಭಾಷೆಯಲ್ಲಿ ‘ಕ್ಯೂ.ಆರ್.ಪಿ.’ ಎಂದರೆ ‘ಶಕ್ತಿಯನ್ನು ತಗ್ಗಿಸಿ’ ಎಂದರ್ಥ. ಈ ಗುಂಪಿನವರು ಆ ಮೂರಕ್ಷರಗಳನ್ನೇ ತಮ್ಮ ಹವ್ಯಾಸಕ್ಕೆ ಹೆಸರಾಗಿಟ್ಟುಕೊಂಡಿದ್ದಾರೆ. ಐದು ವ್ಯಾಟ್ ಎಂದರೆ ಒಂದು ಸಣ್ಣ ಎಲ್.ಇ.ಡಿ. ದೀಪ ಉರಿಯಲು ಬೇಕಾಗುವಷ್ಟು ಶಕ್ತಿ. ಆ ದೀಪ ಒಂದು ಕೋಣೆಯನ್ನು ಬೆಳಗಿದರೆ ಹೆಚ್ಚು. ಆದರೆ ಅಷ್ಟೇ ಶಕ್ತಿಯ ಬಾನುಲಿ ಅಲೆ ಸಮುದ್ರಗಳನ್ನು ದಾಟಿ ಸಾವಿರಾರು ಕಿಲೋಮೀಟರ್ ದೂರದವರಿಗೆ ಕೇಳಿಸುವುದುಂಟು. ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರವನ್ನು ಹುಡುಕುವುದರಲ್ಲಿಯೇ ಈ ಹವ್ಯಾಸದ ಸೊಗಸೆಲ್ಲ ಅಡಗಿದೆ.

ಬಾನುಲಿಯ ಆರಂಭದ ದಿನಗಳಲ್ಲಿ, ಸಂಜ್ಞೆಗಳು ದೂರ ಹೋಗಬೇಕಾದರೆ ಅಲೆ ಉದ್ದವಾಗಿರಬೇಕು, ಶಕ್ತಿ ಅಪಾರವಾಗಿರಬೇಕು ಎಂಬ ನಂಬಿಕೆ ತಜ್ಞರಲ್ಲಿ ಬೇರೂರಿತ್ತು. ೧೯೧೨ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜಾರಿಗೆ ಬಂದ ಕಾನೂನು ಹವ್ಯಾಸಿಗಳನ್ನು ೨೦೦ ಮೀಟರ್ ಮತ್ತು ಅದಕ್ಕಿಂತ ಗಿಡ್ಡನೆಯ ಅಲೆಗಳಿಗೆ ಸೀಮಿತಗೊಳಿಸಿತು. ಆ ಅಲೆಗಳು ಹೆಚ್ಚಿನ ಪ್ರಯೋಜನಕ್ಕೆ ಬಾರವು ಎಂಬುದೇ ಅಂದಿನ ಭಾವನೆ. ಊರಿನವರು ಬೇಡವೆಂದು ಬಿಟ್ಟ ಬರಡು ನೆಲವನ್ನು ಬಡವನೊಬ್ಬನಿಗೆ ಕೊಟ್ಟಂತಾಯಿತು. ಆದರೆ ಆ ನೆಲದಲ್ಲಿಯೇ ಬೆಳೆ ಬಂದಿತು. ೧೯೨೧ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಕಡಲತೀರದಲ್ಲಿ ಗ್ರಾಹಕವನ್ನಿಟ್ಟು ಕಾದು ಕುಳಿತ ಪಾಲ್ ಗಾಡ್ಲೆ ಎಂಬುವನಿಗೆ ಅಟ್ಲಾಂಟಿಕ್ ಸಾಗರದ ಆಚೆಯ ಅಮೆರಿಕದ ಹವ್ಯಾಸಿಗಳ ಸಂಜ್ಞೆಗಳು ಸ್ಪಷ್ಟವಾಗಿ ಕೇಳಿಬಂದವು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು ನೂರು ಮೀಟರ್ ಉದ್ದದ ಅಲೆಗಳಲ್ಲಿ ಪರಸ್ಪರ ಸಂಭಾಷಿಸಿದರು.

ಮರುವರ್ಷ ನಡೆದ ಘಟನೆ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಪ್ರಿಯವಾದೀತು. ೧೯೨೪ರ ಅಕ್ಟೋಬರ್ ೧೮ರಂದು ನ್ಯೂಜಿಲೆಂಡಿನ ಕುರಿಸಾಕಣೆಯ ಕ್ಷೇತ್ರವೊಂದರಲ್ಲಿದ್ದ ಫ್ರಾಂಕ್ ಬೆಲ್ ಎಂಬ ಹವ್ಯಾಸಿಯ ಕರೆಗೆ ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಉತ್ತರ ಬಂದಿತು. ಉತ್ತರವಿತ್ತವನು ಆ ಶಾಲೆಯ ಹದಿನೆಂಟು ವರ್ಷದ ವಿದ್ಯಾರ್ಥಿ ಸೆಸಿಲ್ ಗಾಯ್ಡರ್. ಭೂಗೋಳದ ಒಂದು ಮಗ್ಗುಲಿನಿಂದ ಹೆಚ್ಚುಕಡಮೆ ಅದರ ನೇರ ಎದುರು ಮಗ್ಗುಲಿಗೆ ಸಂಪರ್ಕ ಏರ್ಪಟ್ಟಿತ್ತು. ಇದೇ ಗಾಯ್ಡರ್ ಮುಂದೆ ೧೯೩೬ರಲ್ಲಿ ಭಾರತಕ್ಕೆ ಬಂದು ಅಖಿಲ ಭಾರತ ಬಾನುಲಿಯ ಮುಖ್ಯ ಇಂಜಿನಿಯರನಾಗಿ, ನಮ್ಮ ದೇಶದ ಪ್ರಸಾರ ವ್ಯವಸ್ಥೆಯನ್ನು ರೂಪಿಸುವಲ್ಲಿ ಪಾಲ್ಗೊಂಡನು. ಶಾಲೆಯಲ್ಲಿ ಬೆಳೆಸಿಕೊಂಡ ಹವ್ಯಾಸ ಎಲ್ಲಿಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಿಡ್ಡ ಅಲೆಗಳು ಇಷ್ಟು ದೂರ ಸಾಗಲು ಕಾರಣ ನಮ್ಮ ನೆತ್ತಿಯ ಮೇಲಿರುವ ಅಯಾನುಗೋಳ. ಸೂರ್ಯನಿಂದ ಬರುವ ನೇರಿಳಾತೀತ ಕಿರಣಗಳು ಮತ್ತು ಕ್ಷ-ಕಿರಣಗಳು ವಾಯುಮಂಡಲದ ಮೇಲಿನ ಸ್ತರಗಳಲ್ಲಿರುವ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುತ್ತವೆ. ಹೀಗೆ ವಿದ್ಯುದಾವೇಶ ಪಡೆದ ಸ್ತರಗಳು ಗಿಡ್ಡ ಅಲೆಗಳನ್ನು ಬಾಗಿಸಿ ಮರಳಿ ಭೂಮಿಗೆ ಕಳುಹಿಸುತ್ತವೆ. ಅಂತಹ ಸ್ತರವೊಂದು ಇರಬೇಕೆಂದು ೧೯೦೨ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿದ್ವಾಂಸರು ಪ್ರತ್ಯೇಕವಾಗಿ ಊಹಿಸಿದ್ದರು. ೧೯೨೪ರಲ್ಲಿ ಎಡ್ವರ್ಡ್ ಆಪಲ್ಟನ್ ಪ್ರಯೋಗದಿಂದ ಅದನ್ನು ಸಿದ್ಧಪಡಿಸಿದನು. ಈ ಸಂಶೋಧನೆಗಾಗಿ ಅವನಿಗೆ ೧೯೪೭ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ ಕುಮಾರ ಮಿತ್ರರು ಈ ವಿಷಯದಲ್ಲಿ ಮಹತ್ವದ ಅಧ್ಯಯನ ನಡೆಸಿದರು.

ಈ ಸ್ತರಗಳಲ್ಲಿ ಅತ್ಯಂತ ಎತ್ತರದ್ದು ನೆಲದಿಂದ ಸುಮಾರು ೨೦೦ರಿಂದ ೪೦೦ ಕಿಲೋಮೀಟರ್ ಮೇಲಿರುತ್ತದೆ. ಅಲ್ಲಿಂದ ಮರಳುವ ಅಲೆ ಒಂದೇ ನೆಗೆತಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ದೂರ ಹೋಗಬಲ್ಲದು. ನೆಲದಿಂದ ಪುಟಿದು ಮತ್ತೆ ಮೇಲೇರಲೂ ಬಲ್ಲದು. ಆದರೆ ಹಗಲು ಹೊತ್ತಿನಲ್ಲಿ ಕೆಳಗಿನ ಸ್ತರವೊಂದು ಉಂಟಾಗಿ ಸುಮಾರು ೪೦ ಮೀಟರ್ ಮತ್ತು ಅದಕ್ಕಿಂತ ಉದ್ದದ ಅಲೆಗಳನ್ನು ಬಹುಮಟ್ಟಿಗೆ ಹೀರಿಬಿಡುತ್ತದೆ. ಸೂರ್ಯಾಸ್ತದ ಅನಂತರ ಆ ಸ್ತರ ಕರಗುವುದರಿಂದ ಅವು ರಾತ್ರಿಯಲ್ಲಿ ದೂರ ಸಾಗುತ್ತವೆ. ೨೦ ಮೀಟರಿನ ಅಲೆಗಳಿಗೆ ಹಗಲೇ ಅನುಕೂಲ. ಸೌರಕಲೆಗಳ ಸಂಖ್ಯೆ ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಏರಿಳಿಯುವುದನ್ನು ಅನುಸರಿಸಿ ಈ ಪರಿಸ್ಥಿತಿಯೂ ಬದಲಾಗುತ್ತದೆ. ರೈತನು ಮಳೆಯ ನಕ್ಷತ್ರಗಳನ್ನು ನೋಡಿ ಬಿತ್ತುವಂತೆ ಅಲ್ಪಶಕ್ತಿಯ ಹವ್ಯಾಸಿಯು ಹೊತ್ತನ್ನೂ ಋತುವನ್ನೂ ಸೂರ್ಯನ ಸ್ಥಿತಿಯನ್ನೂ ನೋಡಿ ತನ್ನ ಅಲೆಯನ್ನು ಆರಿಸಿಕೊಳ್ಳಬೇಕು.

ಇನ್ನು ಶಕ್ತಿಯ ಲೆಕ್ಕವನ್ನು ನೋಡೋಣ. ಅಲೆಯ ಶಕ್ತಿಯು ಅದರ ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದುದರಿಂದ ಶಕ್ತಿಯನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿದರೆ ಪಾರವು ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಸಂಜ್ಞೆಯ ಬಲವನ್ನು ಹವ್ಯಾಸಿಗಳು ಒಂದರಿಂದ ಒಂಬತ್ತರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ಶಕ್ತಿ ಕಾಲುಭಾಗಕ್ಕೆ ಇಳಿದಾಗ ಒಂದು ಅಂಕ ಕಡಮೆಯಾಗುತ್ತದೆ. ನೂರು ವ್ಯಾಟನ್ನು ಇಪ್ಪತ್ತೈದಕ್ಕೆ ಇಳಿಸಿದರೆ ಒಂದು ಅಂಕ, ಅಲ್ಲಿಂದ ಆರೂಕಾಲು ವ್ಯಾಟ್‌ಗೆ ಇಳಿಸಿದರೆ ಮತ್ತೊಂದು ಅಂಕ ಕಳೆಯುತ್ತದೆ. ಎಂದಮೇಲೆ ನೂರು ವ್ಯಾಟ್ ಪ್ರೇಷಕದ ಸಂಜ್ಞೆ ಏಳನೆಯ ಅಂಕದಲ್ಲಿ ಕೇಳಿಸುತ್ತಿದ್ದಲ್ಲಿ ಐದು ವ್ಯಾಟ್ ಪ್ರೇಷಕದ ಸಂಜ್ಞೆ ಸುಮಾರು ಐದನೆಯ ಅಂಕದಲ್ಲಿ ಕೇಳಿಸುತ್ತದೆ. ದನಿ ಕ್ಷೀಣವಾಗುತ್ತದೆ, ನಿಜ. ಆದರೆ ಗಮನವಿಟ್ಟು ಆಲಿಸುವವನಿಗೆ ಅದು ಸಾಕು.

ಕ್ಷೀಣವಾದ ದನಿಯನ್ನು ಗದ್ದಲದಿಂದ ಬೇರ್ಪಡಿಸುವ ಉಪಾಯವೂ ಉಂಟು. ಮಾತನ್ನು ಕಳುಹಿಸಲು ಸುಮಾರು ೨,೫೦೦ ಹರ್ಟ್ಸ್ ಅಗಲದ ಆವೃತ್ತಿಪಟ್ಟಿ ಬೇಕಾಗುತ್ತದೆ. ಚುಕ್ಕಿ ಮತ್ತು ಗೆರೆಗಳಿಂದ ಕೂಡಿದ ಮೋರ್ಸ್ ಸಂಕೇತಕ್ಕೆ ೫೦೦ ಹರ್ಟ್ಸ್ ಅಥವಾ ಇನ್ನೂ ಕಡಮೆ ಅಗಲ ಸಾಕು. ಕಿಂಡಿಯನ್ನು ಕಿರಿದುಗೊಳಿಸಿದಷ್ಟೂ ಒಳಬರುವ ಗದ್ದಲ ಕಡಮೆಯಾಗುತ್ತದೆ. ಜಾತ್ರೆಯ ಗಲಾಟೆಯಲ್ಲಿ ಮಾತು ಕೇಳಿಸದಿದ್ದರೂ ಪರಿಚಿತವಾದ ಸಿಳ್ಳು ಕಿವಿಗೆ ಬೀಳುವುದಿಲ್ಲವೆ? ಆದುದರಿಂದಲೇ ಅಲ್ಪಶಕ್ತಿಯ ಹವ್ಯಾಸಿಗಳಿಗೆ ಮೋರ್ಸ್ ಸಂಕೇತ ಇಂದಿಗೂ ಪ್ರಿಯವಾಗಿ ಉಳಿದಿದೆ. ಪಲ್ಸಾರ್ ಎಂಬ ನಕ್ಷತ್ರಗಳ ಅಧ್ಯಯನಕ್ಕಾಗಿ ೧೯೯೩ರಲ್ಲಿ ನೊಬೆಲ್ ಬಹುಮಾನ ಪಡೆದ ಜೋಸೆಫ್ ಟೇಲರ್ ಸ್ವತಃ ಹವ್ಯಾಸಿ. ಅವರು ೨೦೦೮ರಲ್ಲಿ ಪ್ರಕಟಿಸಿದ ‘ವಿಸ್ಪರ್’ ಎಂಬ ಗಣಕ ವಿಧಾನದಲ್ಲಿ ಪುಟ್ಟ ಸಂದೇಶವೊಂದನ್ನು ಸುಮಾರು ಎರಡು ನಿಮಿಷಗಳ ಕಾಲ ನಿಧಾನವಾಗಿ, ಆರೇಳು ಹರ್ಟ್ಸ್ ಅಗಲದಲ್ಲಿ ಕಳುಹಿಸಲಾಗುತ್ತದೆ. ಒಂದು ವ್ಯಾಟ್‌ಗಿಂತ ಕಡಮೆ ಶಕ್ತಿಯ ಸಂಜ್ಞೆಗಳು ಈ ಕ್ರಮದಿಂದ ಖಂಡಾಂತರಗಳನ್ನು ತಲಪುತ್ತವೆ.

ಪ್ರೇಷಕದ ಶಕ್ತಿಗಿಂತಲೂ ಮುಖ್ಯವಾದುದು ಆಂಟೆನಾ. ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಬಳಸುವ ಅಲೆಯ ಅರ್ಧದಷ್ಟು ಉದ್ದದ ತಾಮ್ರದ ತಂತಿಯನ್ನು ತೆಗೆದುಕೊಂಡು, ನಡುವೆ ಕತ್ತರಿಸಿ, ಅಲ್ಲಿಂದ ಪ್ರೇಷಕಕ್ಕೆ ಕೇಬಲ್ ಜೋಡಿಸಿದರಾಯಿತು. ೭ ಮೆಗಾಹರ್ಟ್ಸ್ ಆವೃತ್ತಿಗೆ ಒಟ್ಟು ೨೦ ಮೀಟರ್, ೧೪ ಮೆಗಾಹರ್ಟ್ಸ್ ಆವೃತ್ತಿಗೆ ೧೦ ಮೀಟರ್ ತಂತಿ ಸಾಕು. ಮನೆಯ ಮಾಡಿಗೂ ತೆಂಗಿನ ಮರಕ್ಕೂ ನಡುವೆ ಅದನ್ನು ಸಾಧ್ಯವಾದಷ್ಟು ಎತ್ತರದಲ್ಲಿ ಕಟ್ಟಬಹುದು. ವಿದ್ಯುತ್ ತಂತಿಗಳ ಸಮೀಪಕ್ಕೆ ಮಾತ್ರ ಅದನ್ನು ಎಂದಿಗೂ ಒಯ್ಯಕೂಡದು. ಗುಡುಗು ಮಿಂಚುಗಳು ಬರುವ ಮುನ್ನವೇ ಅದನ್ನು ಯಂತ್ರದಿಂದ ಬೇರ್ಪಡಿಸಿರಬೇಕು.

ಅಲ್ಪಶಕ್ತಿಯ ಪ್ರೇಷಕವನ್ನು ಪರವಾನಗಿ ಪಡೆದ ಹವ್ಯಾಸಿಯು ತನ್ನ ಕೈಯಿಂದಲೇ ಮಾಡಿಕೊಳ್ಳಬಹುದು. ಅತ್ಯಂತ ಸರಳವಾದ ಮೋರ್ಸ್ ಪ್ರೇಷಕದಲ್ಲಿ ಒಂದು ಕ್ವಾರ್ಟ್ಸ್ ಹರಳು ಆವೃತ್ತಿಯನ್ನು ಸ್ಥಿರವಾಗಿಡುತ್ತದೆ. ಒಂದು ಟ್ರಾನ್ಸಿಸ್ಟರ್ ಆಂದೋಲನಗಳನ್ನು ಉಂಟುಮಾಡುತ್ತದೆ. ಮತ್ತೊಂದು ಅವನ್ನು ವರ್ಧಿಸುತ್ತದೆ. ಇಮ್ಮಡಿ, ಮುಮ್ಮಡಿ ಆವೃತ್ತಿಗಳ ಅನಗತ್ಯ ಅಲೆಗಳು ಹೊರಹೋಗಿ ಇತರರಿಗೆ ತೊಂದರೆಯಾಗದಂತೆ ತಂತಿಸುರುಳಿಗಳಿಂದಲೂ ಕೆಪಾಸಿಟರುಗಳಿಂದಲೂ ಮಾಡಿದ ಸೋಸುಮಂಡಲವೊಂದು ತಡೆಯುತ್ತದೆ. ಮಾತನಾಡುವ ಯಂತ್ರ ಇದಕ್ಕಿಂತ ತುಸು ಜಟಿಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹವ್ಯಾಸಿ ಈ ಶತಮಾನದ ಆರಂಭದಲ್ಲಿ ‘ಬಿಟೆಕ್ಸ್’ ಎಂಬ ಯಂತ್ರವನ್ನು ರಚಿಸಿ ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ನೀಡಿದರು. ಕೆಲವೇ ವ್ಯಾಟ್ ಶಕ್ತಿಯ ಆ ಯಂತ್ರಕ್ಕೆ ನಮ್ಮ ಪೇಟೆಗಳಲ್ಲಿ ಅಗ್ಗವಾಗಿ ಸಿಗುವ ಬಿಡಿಭಾಗಗಳೇ ಸಾಕು. ತಂತಿ ಸುತ್ತಲು ಬೇಕಾದ ಬಳೆಗಳು ದೊರೆಯದಿದ್ದಾಗ ನೀರಿನ ನಲ್ಲಿಯ ವಾಷರುಗಳನ್ನೇ ಅವರು ಬಳಸಿಕೊಂಡರು. ಆ ನಕ್ಷೆಯಂತೆ ಅನೇಕ ದೇಶಗಳ ಹವ್ಯಾಸಿಗಳು ಯಂತ್ರಗಳನ್ನು ಕಟ್ಟಿದ್ದಾರೆ.

ಅಲ್ಪಶಕ್ತಿಯ ಮಹಿಮೆಗೆ ಬಾಹ್ಯಾಕಾಶವೂ ಸಾಕ್ಷಿಯಾಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು ೨೦೦೫ರ ಮೇ ೫ರಂದು ‘ಹ್ಯಾಮ್‌ಸ್ಯಾಟ್’ ಎಂಬ ೪೨.೫ ಕಿಲೋಗ್ರಾಂ ತೂಕದ ಉಪಗ್ರಹವನ್ನು ಹವ್ಯಾಸಿಗಳಿಗಾಗಿಯೇ ಕಕ್ಷೆಗೆ ಸೇರಿಸಿತು. ನೂರಾರು ಕಿಲೋಮೀಟರ್ ಎತ್ತರದಿಂದ ಭೂಮಿಗೆ ಸಂಜ್ಞೆಗಳನ್ನು ಮರಳಿಸುತ್ತಿದ್ದ ಅದರ ಪ್ರೇಷಕದ ಶಕ್ತಿ ಸುಮಾರು ಒಂದು ವ್ಯಾಟ್ ಮಾತ್ರ. ಅದರಲ್ಲಿದ್ದ ಎರಡು ಮರುಪ್ರಸಾರ ಯಂತ್ರಗಳ ಪೈಕಿ ಒಂದನ್ನು ನೆದರ್ಲೆಂಡಿನ ವಿದ್ಯಾರ್ಥಿಯೊಬ್ಬನು ನಿರ್ಮಿಸಿದ್ದನು. ೨೦೧೪ರವರೆಗೆ ಅದು ನಾನಾ ದೇಶಗಳ ಹವ್ಯಾಸಿಗಳಿಗೆ ನೆರವಾಯಿತು.

ಕಿಸೆಯಲ್ಲಿ ದೂರವಾಣಿ ಇರುವ ಈ ಕಾಲದಲ್ಲಿ ಇಷ್ಟೆಲ್ಲ ಪ್ರಯಾಸ ಏಕೆ ಎಂದು ಕೆಲವರು ಕೇಳಬಹುದು. ಕಿಸೆಯ ದೂರವಾಣಿಯ ಹಿಂದೆ ಗೋಪುರಗಳು, ಕೇಬಲ್‌ಗಳು, ವಿದ್ಯುತ್ ಸರಬರಾಜು ಇವುಗಳ ದೊಡ್ಡ ವ್ಯವಸ್ಥೆಯೇ ಇದೆ. ಅದು ಕುಸಿದಾಗ ದೂರವಾಣಿ ಮೂಕವಾಗುತ್ತದೆ. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಆದದ್ದು ಇದೇ. ಹವ್ಯಾಸಿ ಬಾನುಲಿಯ ಕಾರ್ಯಕ್ಕಾಗಿ ಆಗ ಪೋರ್ಟ್ ಬ್ಲೇರಿನಲ್ಲಿ ತಂಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ತಮ್ಮ ಯಂತ್ರಗಳ ಮೂಲಕ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ತಮ್ಮವರಿಗಾಗಿ ಪರಿತಪಿಸುತ್ತಿದ್ದ ಅನೇಕರಿಗೆ ಕ್ಷೇಮಸಮಾಚಾರವನ್ನು ತಲಪಿಸಿದರು. ಇಂತಹ ಸಂದರ್ಭಗಳಲ್ಲಿ ಅಲ್ಪಶಕ್ತಿಯೇ ಒಂದು ವರವಾಗುತ್ತದೆ. ಹೆಚ್ಚು ಶಕ್ತಿಯನ್ನು ಬೇಡುವ ಯಂತ್ರ ವಿದ್ಯುತ್ತು ಇಲ್ಲದೆಡೆ ಬಹಳ ಹೊತ್ತು ನಡೆಯಲಾರದು. ಐದು ವ್ಯಾಟ್ ಯಂತ್ರವನ್ನಾದರೋ ಹನ್ನೆರಡು ವೋಲ್ಟ್ ಬ್ಯಾಟರಿಯೊಂದರಿಂದ ದಿನವಿಡೀ ನಡೆಸಬಹುದು. ಸಣ್ಣ ಸೌರಫಲಕದಿಂದ ಆ ಬ್ಯಾಟರಿಗೆ ಮತ್ತೆ ವಿದ್ಯುತ್ತನ್ನು ತುಂಬಿಸಬಹುದು.

ಸಂಪರ್ಕಕ್ಕೆ ಎಷ್ಟು ಶಕ್ತಿ ಬೇಕೋ ಅಷ್ಟನ್ನು ಮಾತ್ರ ಬಳಸಬೇಕೆಂಬುದು ಹವ್ಯಾಸಿಗಳೆಲ್ಲರೂ ಒಪ್ಪಿಕೊಂಡ ನೀತಿ. ಆಕಾಶ ಎಲ್ಲರಿಗೂ ಸೇರಿದ್ದು; ಒಬ್ಬನು ವೃಥಾ ಅಬ್ಬರಿಸಿದರೆ ಮತ್ತೊಬ್ಬನ ದನಿ ಅಡಗುತ್ತದೆ. ಅಬ್ಬರಿಸಲಾರದ ಹವ್ಯಾಸಿಯು ಮೊದಲು ಆಲಿಸಲು ಕಲಿಯುತ್ತಾನೆ. ಯಾವ ಅಲೆ ತೆರೆದಿದೆ, ಯಾರು ಕರೆಯುತ್ತಿದ್ದಾರೆ, ಎಲ್ಲಿ ಬಿಡುವಿದೆ ಎಂಬುದನ್ನು ಅರಿತು, ತಕ್ಕ ಗಳಿಗೆಯಲ್ಲಿ ತನ್ನ ಕರೆಸಂಕೇತವನ್ನು ಕಳುಹಿಸುತ್ತಾನೆ. ಉತ್ತರ ಬಾರದಿದ್ದರೆ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ತಂತಿಯನ್ನು ಇನ್ನೊಂದಿಷ್ಟು ಎತ್ತರಕ್ಕೆ ಕಟ್ಟುತ್ತಾನೆ, ಅಲೆಯನ್ನು ಬದಲಿಸುತ್ತಾನೆ, ಇಲ್ಲವೆ ಸೂರ್ಯ ಮುಳುಗುವವರೆಗೆ ಕಾಯುತ್ತಾನೆ. ಹಾಗೆ ಕಾದವನಿಗೆ ಒಂದು ಸಂಜೆ ಗದ್ದಲದ ನಡುವೆ ತನ್ನದೇ ಕರೆಸಂಕೇತ ದೂರದೇಶದಿಂದ ಮರಳಿ ಕೇಳಿಬಂದಾಗ ಆಗುವ ಸಂತೋಷ ಹೇಳತೀರದು.