ಶರದೃತುವೂ ಸ್ತ್ರೀಯರ ಆರೋಗ್ಯವೂ

ಮಳೆಗಾಲದ ಮೋಡಗಳು ಹಿಂದೆ ಸರಿದು ಆಕಾಶವು ತಿಳಿಯಾಗುವ ಕಾಲವೇ ಶರತ್ಕಾಲವು. ಆಶ್ವಯುಜ, ಕಾರ್ತಿಕ ಈ ಎರಡು ಮಾಸಗಳು ಇದಕ್ಕೆ ಸಲ್ಲುತ್ತವೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲಿನಲ್ಲಿ ಕುಳಿತು, ಸವಣೂರು ತಾಲೂಕಿನ ಯಲವಿಗಿಯ ಆಚೀಚೆಗೆ ಈ ದಿನಗಳಲ್ಲಿ ಕಣ್ಣು ಹಾಯಿಸಿದವರಿಗೆ ಎರೆಯ ಹೊಲಗಳ ಚೆಲುವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಹತ್ತಿಯ ಕಾಯಿ ಬಲಿಯುತ್ತಿರುತ್ತದೆ; ಗೋವಿನಜೋಳದ ತೆನೆ ಒಣಗಿ ಮುರಿಯಲು ಸಿದ್ಧವಾಗಿರುತ್ತದೆ; ಶೇಂಗಾ ಕಿತ್ತು ಬಿಡಿಸುವ ಹೆಣ್ಣುಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ನೆಲವೇ ಮೈದುಂಬಿ ನಿಂತಂತೆ ತೋರುವ ಕಾಲವಿದು.

ಈ ಸೀಮೆಯ ಒಕ್ಕಲು ಮನೆತನಗಳು ಆಶ್ವಯುಜದ ಹುಣ್ಣಿಮೆಯನ್ನು ಶೀಗಿ ಹುಣ್ಣಿಮೆಯೆಂದು ಆಚರಿಸುತ್ತವೆ. ಬೆಳೆ ಹೊತ್ತ ಭೂಮಿಯು ತುಂಬು ಬಸುರಿ ಎಂಬುದು ನಮ್ಮ ಹಿರಿಯರ ಭಾವನೆ. ಬಸುರಿಗೆ ಕುಬಸ ಮಾಡುವಂತೆ ಭೂಮಿತಾಯಿಗೂ ಸೀರೆ, ಕುಬಸ, ಹಸಿರು ಬಳೆಗಳನ್ನಿಟ್ಟು ಪೂಜಿಸುತ್ತಾರೆ. ಪಾಂಡವರೆಂದು ಐದು ಕಲ್ಲುಗಳನ್ನು ಹೊಲದಲ್ಲಿ ಸ್ಥಾಪಿಸುತ್ತಾರೆ. ಹೋಳಿಗೆ, ಕಡುಬು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿಯ ಎಣ್ಣಿಗಾಯಿ, ಪುಂಡಿಪಲ್ಲೆ, ಕಾಳುಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನ ಇವನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಅನಂತರ ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ಬಸುರಿಯ ಬಯಕೆಯನ್ನು ತೀರಿಸದೆ ಅವಳಿಂದ ಫಲವನ್ನು ಬಯಸಬಾರದೆಂಬ ಧರ್ಮವು ಈ ಹಬ್ಬದಲ್ಲಿ ಅಡಗಿದೆ.

ಆದರೆ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಂದವಳು ಯಾರು? ಬೆಳಗಿನ ಜಾವಕ್ಕೆ ಮೊದಲೇ ಎದ್ದು ಒಲೆ ಹೊತ್ತಿಸಿ, ರೊಟ್ಟಿ ತಟ್ಟಿ, ಹೂರಣ ರುಬ್ಬಿ, ಮಕ್ಕಳಿಗೆ ಎರೆದು, ದನಗಳ ಕೆಲಸ ಮುಗಿಸಿ ಹೊಲಕ್ಕೆ ನಡೆದವಳು ಮನೆಯ ಗೃಹಿಣಿ. ಎಲ್ಲರಿಗೂ ಬಡಿಸಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವವಳೂ ಅವಳೇ. ಭೂಮಿತಾಯಿಯ ಬಯಕೆಯನ್ನು ಕೇಳಿದ ಮನೆಯವರು ಈ ತಾಯಿಯ ಬಯಕೆಯನ್ನು ಕೇಳಿದರೇ? ಅವಳಾದರೂ ತನ್ನ ಮೈಮನಗಳನ್ನು ತಾನು ವಿಚಾರಿಸಿಕೊಂಡಳೇ? ಹೊಲಕ್ಕೆ ಸಲ್ಲುವ ಆರೈಕೆಯು ಹೊಲದೊಡತಿಗೂ ಸಲ್ಲಬೇಕೆಂಬುದೇ ಈ ಲೇಖನದ ಆಶಯವು.

ಋತುವಿಗೆ ತಕ್ಕಂತೆ ಬಾಳಬೇಕೆಂಬುದು ನಮ್ಮಲ್ಲಿ ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಶರದೃತುವಿನ ಚರ್ಯೆಯನ್ನು ವಿಧಿಸಿದ್ದಾರೆ. ಮಳೆಗಾಲದಲ್ಲಿ ದೇಹದಲ್ಲಿ ಕೂಡಿದ ಪಿತ್ತವು ಶರತ್ಕಾಲದ ಬಿಸಿಲಿಗೆ ಕೆರಳುವುದೆಂದು ಅವರ ಮತ. ಆದುದರಿಂದ ಹಸಿವನ್ನರಿತು ಹಗುರಾಗಿ ಉಣ್ಣಬೇಕು. ಸಿಹಿ, ಕಹಿ, ಒಗರು ರಸಗಳು ಹಿತಕರ. ಅಕ್ಕಿ, ಹೆಸರು, ಪಡವಲ, ನೆಲ್ಲಿ, ಜೇನು ಪಥ್ಯವಾದುವು. ಎಣ್ಣೆಯ ಪದಾರ್ಥ, ಮೊಸರು, ಕಡುಬಿಸಿಲು, ಹಗಲು ನಿದ್ರೆ ಇವು ವರ್ಜ್ಯ ಎಂದು ಹೇಳಿದ್ದಾರೆ. ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದ ನೀರನ್ನು ಹಂಸೋದಕವೆಂದು ಕೊಂಡಾಡಿದ್ದಾರೆ.

ಈ ಮಾತುಗಳಲ್ಲಿ ಅನುಭವದ ಸಾರವಿದೆ. ಆದರೆ ಇಂದಿನ ತಿಳಿವಳಿಕೆಯನ್ನು ಜೊತೆಗಿಟ್ಟುಕೊಂಡು ನಡೆಯುವುದು ಜಾಣತನವು. ಶರತ್ಕಾಲದ ಕೆರೆಯ ನೀರು ಕಣ್ಣಿಗೆ ತಿಳಿಯಾಗಿ ಕಂಡಿತೆಂದ ಮಾತ್ರಕ್ಕೆ ರೋಗಾಣುಗಳಿಲ್ಲವೆಂದು ತಿಳಿಯಲಾಗದು. ಕುದಿಸಿ ಆರಿಸಿದ ನೀರೇ ಕ್ಷೇಮಕರ. ಮಳೆ ನಿಂತ ಮೇಲೆ ಹಿತ್ತಿಲಿನ ತೊಟ್ಟಿ, ಒಡೆದ ಗಡಿಗೆ, ಹಳೆಯ ಟಾಯರುಗಳಲ್ಲಿ ನಿಂತ ನೀರು ಡೆಂಗೀ ಜ್ವರ ತರುವ ಸೊಳ್ಳೆಗಳಿಗೆ ತವರಾಗುತ್ತದೆ. ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ ತಿಕ್ಕಿ ಒಣಗಿಸುವುದು ದಸರೆಯ ಮನೆ ಸಾರಣೆಯಷ್ಟೇ ಅಗತ್ಯವಾದ ಕೆಲಸ.

ಇನ್ನು ನಮ್ಮ ಹೆಣ್ಣುಮಕ್ಕಳನ್ನು ಒಳಗೊಳಗೇ ತಿನ್ನುವ ಒಂದು ಕೊರತೆಯ ವಿಚಾರ. ಅದೇ ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೂ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೂ ಈ ಕೊರತೆಯುಂಟು. ಎಂದರೆ ಹೊಲದಲ್ಲಿ ಸಾಲಾಗಿ ಕುಳಿತು ಶೇಂಗಾ ಬಿಡಿಸುವ ಹತ್ತು ಮಂದಿಯಲ್ಲಿ ನಾಲ್ಕೈದು ಮಂದಿಯ ರಕ್ತವು ತೆಳುವಾಗಿರುವ ಸಂಭವವಿದೆ! ಮೆಟ್ಟಲು ಹತ್ತಿದರೆ ಏದುಸಿರು, ನಿಂತಲ್ಲಿ ತಲೆ ಸುತ್ತು, ಎದೆಬಡಿತ, ಕೆಲಸದಲ್ಲಿ ಬೇಸರ, ಸಣ್ಣ ಮಾತಿಗೂ ಸಿಡುಕು ಇವು ಅದರ ಲಕ್ಷಣಗಳು. ಮನೆಯವರು ಇದನ್ನು ಸೋಮಾರಿತನವೆಂದೋ ಕೋಪದ ಸ್ವಭಾವವೆಂದೋ ಎಣಿಸುತ್ತಾರೆ. ಪಾಪ, ಅವಳೂ ಹಾಗೆಯೇ ನಂಬುತ್ತಾಳೆ. ಕೆಳರೆಪ್ಪೆಯ ಒಳಭಾಗವೂ ನಾಲಿಗೆಯೂ ಬಿಳಿಚಿಕೊಂಡಿದ್ದರೆ ಸಂಶಯಪಡಬಹುದು. ನಿಶ್ಚಯಿಸುವುದು ಮಾತ್ರ ರಕ್ತಪರೀಕ್ಷೆಯೇ. ಹಿಮೋಗ್ಲೋಬಿನ್ನು ಡೆಸಿಲೀಟರಿಗೆ 12 ಗ್ರಾಮಿಗಿಂತಲೂ, ಗರ್ಭಿಣಿಯರಲ್ಲಿ 11 ಗ್ರಾಮಿಗಿಂತಲೂ ಕಡಿಮೆಯಿದ್ದರೆ ರಕ್ತಹೀನತೆಯೆಂದು ವೈದ್ಯರು ಹೇಳುತ್ತಾರೆ.

ಈ ವಿಷಯದಲ್ಲಿ ನಮ್ಮ ನಾಡಿಗೆ ಸಮೀಪವಾದ ಒಂದು ಕಥೆಯುಂಟು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಭಾರತಕ್ಕೆ ಬಂದಳು. ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ತೀವ್ರವಾದ ರಕ್ತಹೀನತೆಯಿಂದ ನರಳುತ್ತಿದ್ದುದನ್ನು ಕಂಡು, ಇದಕ್ಕೆ ಆಹಾರದ ಕೊರತೆಯೇ ಕಾರಣವಿರಬಹುದೆಂದು ಪರೀಕ್ಷಿಸತೊಡಗಿದಳು. ಅಗ್ಗದ ಪದಾರ್ಥವಾದ ಈಸ್ಟಿನ ಸಾರವನ್ನು ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವಳು ಇದನ್ನು ಪ್ರಕಟಿಸಿದಳು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವನ್ನು 1941ರಲ್ಲಿ ವಿಜ್ಞಾನಿಗಳು ಪಾಲಕದ ಎಲೆಗಳಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಹತ್ತಿಯ ನೂಲಿನೊಡನೆ ದುಡಿದ ಮುಂಬಯಿಯ ಆ ತಾಯಂದಿರು ಜಗತ್ತಿನ ಎಲ್ಲ ಗರ್ಭಿಣಿಯರಿಗೂ ಉಪಕಾರ ಮಾಡಿದರು. ಇಂದು ಸರಕಾರದಿಂದ ಉಚಿತವಾಗಿ ದೊರೆಯುವ ಮಾತ್ರೆಯಲ್ಲಿ ಕಬ್ಬಿಣದೊಡನೆ ಕೂಡಿರುವುದು ಇದೇ ಫೋಲಿಕ್ ಆಮ್ಲವು.

ಹಸಿರು ಎಲೆಯ ಮಹಿಮೆ ಇಷ್ಟಿರುವಾಗ, ಶರದೃತುವಿನಲ್ಲಿ ನಮ್ಮ ಹೊಲದ ಬದುವಿನಲ್ಲಿಯೇ ಬೆಳೆಯುವ ಪುಂಡಿ, ರಾಜಗಿರಿ, ಮೆಂತ್ಯ, ನುಗ್ಗೆಯ ಸೊಪ್ಪುಗಳನ್ನು ಗೃಹಿಣಿಯು ಏಕೆ ಮರೆಯಬೇಕು? ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರು ಚೆಲ್ಲಿದರೆ ಅದರ ಸತ್ತ್ವವು ನೀರಿನೊಡನೆಯೇ ಹೋಗುವುದು. ಆದುದರಿಂದ ಮೊದಲು ತೊಳೆದು ಆಮೇಲೆ ಹೆಚ್ಚಿ, ಹದವಾಗಿ ಬೇಯಿಸಿ, ನೀರನ್ನು ಸಾರಿಗೆ ಬಳಸಬೇಕು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಹುಳಿ ಹಣ್ಣುಗಳಲ್ಲಿರುವ ಸಿ ಜೀವಸತ್ತ್ವವು ಅದಕ್ಕೆ ಸಹಾಯಕ. ಕಾರ್ತಿಕದಲ್ಲಿ ತುಳಸಿಯ ಲಗ್ನಕ್ಕೆ ಕಾಯಿಯ ಸಹಿತ ನೆಲ್ಲಿಯ ಕೊಂಬೆಯನ್ನು ತರುತ್ತೇವೆ. ಆ ನೆಲ್ಲಿಯು ಸಿ ಜೀವಸತ್ತ್ವದ ಭಂಡಾರವೇ ಸರಿ. ಪೂಜೆಗೆ ತಂದ ಕಾಯಿಯನ್ನು ಊಟದೊಡನೆ ತಿನ್ನಲಿ; ಇಲ್ಲವಾದರೆ ಪಲ್ಲೆಯ ಮೇಲೆ ಅರ್ಧ ನಿಂಬೆಯ ರಸ ಹಿಂಡಿಕೊಳ್ಳಲಿ. ಊಟದೊಡನೆಯೇ ಕುಡಿಯುವ ಚಹವು ಕಬ್ಬಿಣವು ಹತ್ತದಂತೆ ತಡೆಯುತ್ತದೆ; ಅದನ್ನು ಒಂದು ತಾಸಾದರೂ ಆಚೆಗೆ ಸರಿಸಬೇಕು.

ಆಹಾರವೊಂದರಿಂದಲೇ ಎಲ್ಲರ ಕೊರತೆಯೂ ನೀಗುವುದೆಂದು ಹೇಳಲಾಗದು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಯೋಜನೆಯಲ್ಲಿ 20ರಿಂದ 49 ವಯಸ್ಸಿನ ಸ್ತ್ರೀಯರಿಗೆ ವಾರಕ್ಕೊಂದರಂತೆ, ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನಗಳವರೆಗೆ, ಹೆರಿಗೆಯ ತರುವಾಯ ಬಾಣಂತಿಯರಿಗೂ ಅಷ್ಟೇ ದಿನ ಕಬ್ಬಿಣದ ಮಾತ್ರೆಯನ್ನು ವಿಧಿಸಿದೆ. ಮಲವು ಕಪ್ಪಾಯಿತು, ಹೊಟ್ಟೆ ತೊಳಸಿತು ಎಂದು ಅನೇಕರು ಅದನ್ನು ಮಾಡದ ಮೇಲಿಟ್ಟು ಮರೆಯುತ್ತಾರೆ. ಮಲ ಕಪ್ಪಾಗುವುದು ಸಹಜ, ಅಂಜಬೇಕಾದುದಿಲ್ಲ. ತೊಳಸುವಿಕೆ ಹೆಚ್ಚಾದರೆ ರಾತ್ರಿಯ ಊಟದ ತರುವಾಯ ತೆಗೆದುಕೊಳ್ಳಬಹುದು. ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಬಹುದು. ತಿಂಗಳ ಮುಟ್ಟು ಏಳು ದಿನಕ್ಕೂ ಮೀರಿ ಹರಿಯುತ್ತಿದ್ದರೆ ಅದನ್ನು ಹೆಣ್ಣುಜನ್ಮದ ಪಾಡೆಂದು ಸಹಿಸಿಕೊಂಡಿರಬಾರದು; ಅದಕ್ಕೆ ಔಷಧವುಂಟು.

ಸುಗ್ಗಿಯ ದುಡಿಮೆಯ ಮಾತನ್ನೂ ಹೇಳಬೇಕು. ಆಶ್ವಯುಜದ ಬಿಸಿಲು ಮೋಸದ ಬಿಸಿಲು. ಬೆಳಗಿನ ತಂಪನ್ನು ನಂಬಿ ಹೋದವರನ್ನು ಮಧ್ಯಾಹ್ನಕ್ಕೆ ಬಾಡಿಸಿಬಿಡುತ್ತದೆ. ಹೊಲದಲ್ಲಿ ಮರೆಯಿಲ್ಲವೆಂಬ ಸಂಕೋಚದಿಂದ ನಮ್ಮ ಹೆಣ್ಣುಮಕ್ಕಳು ಹಗಲೆಲ್ಲ ನೀರನ್ನೇ ಕುಡಿಯದೆ ಕಾಲ ಕಳೆಯುತ್ತಾರೆ. ಇದರಿಂದ ಉರಿಮೂತ್ರವೂ ಮೂತ್ರಮಾರ್ಗದ ಸೋಂಕೂ ಉಂಟಾಗುವುವು. ಸಹಜವಾದ ವೇಗಗಳನ್ನು ತಡೆಯಬಾರದೆಂದು ಚರಕನು ಒಂದು ಅಧ್ಯಾಯದಲ್ಲಿಯೇ ಎಚ್ಚರಿಸಿದ್ದಾನೆ. ಹೊಲದ ಮೂಲೆಯಲ್ಲಿ ನಾಲ್ಕು ಗೂಟ ಹುಗಿದು ತಟ್ಟು ಕಟ್ಟಿ ಮರೆ ಮಾಡಿಕೊಡುವುದು ಹೊಲದೊಡೆಯನಿಗೆ ಅರ್ಧ ತಾಸಿನ ಕೆಲಸ. ಸವಣೂರು ಎಲೆಗೆ ಹೆಸರಾದ ಊರು. ಊಟದ ಮೇಲೆ ಎಲೆಯಡಿಕೆ ಹಾಕುವ ರೂಢಿ ನಮ್ಮಲ್ಲುಂಟು. ಆದರೆ ಕೆಲಸದ ಭರದಲ್ಲಿ ಹಸಿವನ್ನು ಮರೆಯಲೆಂದು ತಂಬಾಕನ್ನು ಬಾಯಿಗಿಡುವ ಚಟವು ಹಸಿವನ್ನಷ್ಟೇ ಅಲ್ಲ, ಆಯುಷ್ಯವನ್ನೂ ತಿನ್ನುತ್ತದೆ. ಅಡಿಕೆಯೂ ಬಾಯಿಗೆ ನಿರಪಾಯವಾದುದಲ್ಲ.

ಮೈಯ ಮಾತಾಯಿತು; ಮನಸ್ಸಿನ ಮಾತೇನು? ಶರದೃತುವಿನ ಹಬ್ಬಗಳನ್ನು ಏರ್ಪಡಿಸಿದವರು ಮನಸ್ಸನ್ನು ಮರೆತಿರಲಿಲ್ಲ. ನವರಾತ್ರಿಯ ಮುಂಜಾನೆ ಹೆಣ್ಣುಮಕ್ಕಳು ಗುಂಪುಗೂಡಿ ಬನ್ನಿಯ ಗಿಡಕ್ಕೆ ಹೋಗಿ ಸುತ್ತು ಬರುತ್ತಾರೆ. ವಿಜಯದಶಮಿಯಂದು ಬನ್ನಿ ಕೊಟ್ಟು, ಬಂಗಾರದಂತೆ ಇರೋಣವೆಂದು ಹಳೆಯ ಮುನಿಸನ್ನು ಮರೆಯುತ್ತಾರೆ. ದೀಪಾವಳಿಗೆ ಎಣ್ಣೆಯ ಸ್ನಾನ, ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ, ಕೋಲಾಟ. ಇವೆಲ್ಲ ಅಡಿಗೆಮನೆಯಿಂದ ಅವಳನ್ನು ಹೊರಗೆ ಕರೆದು, ಓರಗೆಯವರ ನಡುವೆ ನಗಿಸಲು ಹುಟ್ಟಿದುವು. ಆದರೆ ಕೆಲವೆಡೆ ಹಬ್ಬವೆಂದರೆ ಅವಳಿಗೆ ಇಮ್ಮಡಿ ದುಡಿಮೆಯೆಂದಾಗಿದೆ. ನರಕ ಚತುರ್ದಶಿಯಂದು ನೀರು ಕಾಯಿಸಿ ಎಲ್ಲರ ನೆತ್ತಿಗೂ ಎಣ್ಣೆ ಹಚ್ಚಿದವಳ ನೆತ್ತಿಯು ಒಣಗಿಯೇ ಉಳಿಯುತ್ತದೆ. ಮಗಳೋ ಸೊಸೆಯೋ ನಾದಿನಿಯೋ ಅವಳನ್ನು ಮಣೆಯ ಮೇಲೆ ಕೂರಿಸಿ, ‘ಅತ್ತೀ, ಇವತ್ತ ನಿಮಗ ನಾ ಎಣ್ಣಿ ಹಚ್ಚತೇನಿ’ ಎಂದರೆ ಅದಕ್ಕಿಂತ ದೊಡ್ಡ ಹಬ್ಬವಿದೆಯೆ?

ಬೆಳೆ ಕೈಕೊಟ್ಟ ವರ್ಷ, ಸಾಲ ತಲೆಯ ಮೇಲಿರುವ ವರ್ಷ, ಹಬ್ಬದ ದೀಪವೂ ಮಂಕಾಗುತ್ತದೆ. ಗಂಡನ ಚಿಂತೆಯನ್ನೂ ಮಕ್ಕಳ ಶಾಲೆಯ ಚಿಂತೆಯನ್ನೂ ಹೊತ್ತುಕೊಂಡು, ತನ್ನದನ್ನು ಯಾರಿಗೂ ಹೇಳದೆ ನುಂಗುವ ಹೆಣ್ಣುಮಕ್ಕಳು ಬಹಳ. ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಕೂಸಿನ ಮೇಲೂ ಅಕ್ಕರೆ ಹುಟ್ಟದಿರುವುದು, ಬದುಕೇ ಬೇಡವೆನಿಸುವುದು ಇವು ಎರಡು ವಾರಕ್ಕೂ ಮೀರಿ ನಿಂತರೆ ಅದು ದೆವ್ವದ ಕಾಟವಲ್ಲ, ಮನೋದೌರ್ಬಲ್ಯವೂ ಅಲ್ಲ. ಚಿಕಿತ್ಸೆಗೆ ಒಳಪಡುವ ಬೇನೆಯದು. ಬದುಕೇ ಬೇಡವೆನಿಸಿದಾಗ ಮಾತ್ರ ವಾರಗಳನ್ನೆಣಿಸದೆ ಅಂದೇ ಹೇಳಿಕೊಳ್ಳತಕ್ಕದ್ದು. 1992ರಿಂದ ಪ್ರತಿವರ್ಷ ಅಕ್ಟೋಬರ 10ನ್ನು ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಆಚರಿಸುತ್ತಾರೆ. 2022ರಲ್ಲಿ ಅದೇ ದಿನ ಟೆಲಿಮಾನಸ್ ಎಂಬ ದೂರವಾಣಿ ಸೇವೆಯು ನಮ್ಮ ದೇಶದಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಪ್ರಧಾನ ಕೇಂದ್ರವಾಗಿದೆ. 14416 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಮಾತಾಡಬಹುದು. ನೆರೆಮನೆಯ ಅಕ್ಕನೊಡನೆ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುವುದೂ ಒಂದು ಔಷಧವೇ. ಆದರೆ ಅದಕ್ಕೂ ಮಿಕ್ಕ ದುಃಖಕ್ಕೆ ಈ ದಾರಿಯಿದೆಯೆಂಬುದನ್ನು ಮರೆಯದಿರಿ.

ಸಹೋದರಿಯರೇ, ತನ್ನ ದೇಹವನ್ನು ತಾನು ನೋಡಿಕೊಳ್ಳುವುದು ಸ್ವಾರ್ಥವೆಂಬ ಭಾವನೆಯನ್ನು ಬಿಡಿರಿ. ಬೀಜ ಬಿತ್ತಿ ಗೊಬ್ಬರ ನೀರು ಕಾಣಿಸದ ಹೊಲವು ಎಷ್ಟು ವರ್ಷ ಫಲ ಕೊಟ್ಟೀತು? ದಿನಕ್ಕೆ ಅರ್ಧ ತಾಸಿನ ವಿಶ್ರಾಂತಿ, ಎಲ್ಲರೊಡನೆ ಕುಳಿತು ಊಟ, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ, ಮನಸ್ಸಿನ ಮಾತಿಗೊಬ್ಬ ಗೆಳತಿ: ಇವಿಷ್ಟು ಹೆಚ್ಚಿನ ಹಣವನ್ನು ಬೇಡುವುದಿಲ್ಲ. ಮನೆಯ ಗಂಡಸರಲ್ಲಿಯೂ ಒಂದು ವಿಜ್ಞಾಪನೆ. ಈ ಸಲದ ಶೀಗಿ ಹುಣ್ಣಿಮೆಯಂದು ಚರಗ ಚೆಲ್ಲಿ ಬಂದು ಬದುವಿನ ನೆರಳಲ್ಲಿ ಊಟಕ್ಕೆ ಕುಳಿತಾಗ, ಬುತ್ತಿ ಹೊತ್ತು ತಂದವಳನ್ನು ಮೊದಲು ಕೂರಿಸಿರಿ. ಮೊದಲಿನ ರೊಟ್ಟಿಯನ್ನೂ ಪುಂಡಿಪಲ್ಲೆಯನ್ನೂ ಅವಳ ತಾಟಿಗೆ ನಿಮ್ಮ ಕೈಯಿಂದಲೇ ಬಡಿಸಿರಿ. ಭೂಮಿತಾಯಿಯು ಸಂತೋಷಪಡುವಳೆಂಬುದರಲ್ಲಿ ಸಂದೇಹವಿಲ್ಲ.